ಎರಡು ಹಾರ್ಡ್ ಡಿಸ್ಕುಗಳಲ್ಲಿ ಹಲವು ಕಾರ್ಯಾಚರಣ ವ್ಯವಸ್ಥೆಗಳು: ಶಾಸನಸಾಮಗ್ರಿಯ ರಕ್ಷಣೆಯ ದೃಷ್ಟಿಯಿಂದ ಒಂದು ವಿವೇಚನೆ

೧. ವಿಷಯಪ್ರವೇಶ

ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಪ್ರಥಮ ಸಂಪುಟವನ್ನು ೧೮೮೬ರಲ್ಲಿ ಪ್ರಕಟಿಸಿದರು. ಕೊಡಗಿನ ಶಾಸನಗಳನ್ನೊಳಗೊಂಡ ಆ ಗ್ರಂಥವನ್ನು ಇಂದು ಕೈಗೆತ್ತಿಕೊಂಡವರಿಗೆ ಅದನ್ನು ಓದಲು ಕಣ್ಣಿನ ಬೆಳಕೊಂದಿದ್ದರೆ ಸಾಕು. ಬೇರೆ ಉಪಕರಣವೇನೂ ಬೇಕಿಲ್ಲ. ಆದರೆ ಕೇವಲ ಇಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಟ್ಟ ಶಾಸನಪಾಠವನ್ನು ಇಂದಿನ ಯಂತ್ರದಲ್ಲಿ ತೆರೆದರೆ, ಕನ್ನಡದ ಅಕ್ಷರಗಳಿಗೆ ಬದಲಾಗಿ ರೋಮನ್ ಲಿಪಿಯ ಅರ್ಥಹೀನವಾದ ಸಾಲುಗಳು ಕಾಣಿಸಿಕೊಳ್ಳುವುದುಂಟು. ನೂರನಲವತ್ತು ವರ್ಷಗಳ ಹಿಂದಿನ ಪುಸ್ತಕ ಮಾತನಾಡುತ್ತದೆ. ಇಪ್ಪತ್ತು ವರ್ಷಗಳ ಹಿಂದಿನ ಕಡತ ಮೂಕವಾಗುತ್ತದೆ. ಇತಿಹಾಸದ ಅಧ್ಯಾಪಕರಾದ ನಾವು ಯಂತ್ರಶಾಸ್ತ್ರಕ್ಕೆ ಸೇರಿದ ವಿಷಯವೊಂದನ್ನು ಈ ಸಂಚಿಕೆಯಲ್ಲಿ ವಿವೇಚಿಸಹೊರಟಿರುವುದಕ್ಕೆ ಇದೇ ಕಾರಣ.

ಈ ಮೂಕತನದ ಮೂಲವನ್ನು ಮೊದಲು ತಿಳಿಯಬೇಕು. ಕನ್ನಡ ಲಿಪಿಗೆ ಯೂನಿಕೋಡ್ ಸಂಕೇತಪದ್ಧತಿಯ ಮೊದಲನೆಯ ಆವೃತ್ತಿಯಲ್ಲಿಯೇ, ಅಂದರೆ ೧೯೯೧ರಲ್ಲಿಯೇ, ಸ್ಥಾನ ದೊರಕಿದ್ದರೂ ಅದು ನಿತ್ಯದ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅದುವರೆಗೆ ನಮ್ಮ ಸಂಶೋಧಕರು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದರು. ಆ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ಬಿಡಿಭಾಗಗಳನ್ನು ಕೂರಿಸಲಾಗಿತ್ತು. ಯಂತ್ರದ ಸ್ಮೃತಿಯಲ್ಲಿ ಇರುತ್ತಿದ್ದದ್ದು ರೋಮನ್ ಸಂಕೇತ. ಕಣ್ಣಿಗೆ ಕಾಣುತ್ತಿದ್ದದ್ದು ಕನ್ನಡ. ಆ ಫಾಂಟು, ಆ ತಂತ್ರಾಂಶ, ಅದನ್ನು ನಡೆಸಬಲ್ಲ ಕಾರ್ಯಾಚರಣ ವ್ಯವಸ್ಥೆ, ಈ ಮೂರರಲ್ಲಿ ಒಂದು ತಪ್ಪಿದರೂ ಪಾಠ ಅಸ್ಪಷ್ಟವಾಗುತ್ತದೆ.

ಹಳೆಯ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇವೆಯಲ್ಲ ಎಂದು ಕೆಲವರು ಕೇಳಬಹುದು. ಇವೆ, ಸಾಮಾನ್ಯವಾದ ಗದ್ಯಕ್ಕೆ ಅವು ಸಾಕು. ಶಾಸನಪಾಠದ ಸಂಗತಿ ಬೇರೆ. ‘ಧರ್ಮ್ಮ’, ‘ಸರ್ವ್ವ’ ಎಂಬ ದ್ವಿತ್ವರೂಪಗಳು, ಱ ಮತ್ತು ೞ ಎಂಬ ಹಳೆಯ ಅಕ್ಷರಗಳು ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೆ ಬರುತ್ತವೆ. ಅರ್ಕಾವೊತ್ತನ್ನು ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ, ಇಡುತ್ತಿದ್ದವು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವೇ ಮೊದಲು ಬರುತ್ತದೆ. ಹೀಗೆ ಹಿಂದು ಮುಂದಾಗುವ ಸ್ಥಳಗಳಲ್ಲಿಯೇ ಪರಿವರ್ತನೆಯ ದೋಷಗಳು ನುಸುಳುತ್ತವೆ. ೞಕಾರಕ್ಕೆ ಯೂನಿಕೋಡ್ ಕೋಷ್ಟಕದಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಒಂದು ದ್ವಿತ್ವ ಕಳೆದುಹೋದರೆ, ಒಂದು ೞಕಾರ ಳಕಾರವಾದರೆ, ಶಾಸನದ ಕಾಲನಿರ್ಣಯಕ್ಕೆ ನೆರವಾಗುವ ಆಧಾರವೊಂದು ಕಳೆದುಹೋದಂತೆಯೇ. ಆದುದರಿಂದ ಪರಿವರ್ತಿತ ಪಾಠವನ್ನು ಮೂಲಪಾಠದೊಡನೆ ಸಾಲುಸಾಲಾಗಿ ತಾಳೆ ನೋಡುವುದು ಅನಿವಾರ್ಯ. ಈ ಕೆಲಸ ಮುಗಿಯುವವರೆಗೆ ಹಳೆಯ ವ್ಯವಸ್ಥೆಯೂ ಹೊಸ ವ್ಯವಸ್ಥೆಯೂ ಒಟ್ಟಿಗೆ ಬದುಕಿರಬೇಕು.

ಒಂದೇ ಒರೆಯಲ್ಲಿ ಎರಡು ಕತ್ತಿ ಸೇರದೆಂಬುದು ನಮ್ಮ ಗಾದೆ. ಆದರೆ ಯಂತ್ರದಲ್ಲಿ ಎರಡು ಹಾರ್ಡ್ ಡಿಸ್ಕುಗಳಿದ್ದರೆ ಒರೆಗಳೂ ಎರಡಾದಂತಾಯಿತು. ಅವುಗಳಲ್ಲಿ ಹಲವು ವ್ಯವಸ್ಥೆಗಳನ್ನು ಹೇಗೆ ಸ್ಥಾಪಿಸಬೇಕು, ಎಲ್ಲಿ ಎಚ್ಚರ ವಹಿಸಬೇಕು ಎಂಬುದೇ ಈ ಲೇಖನದ ವಸ್ತು.

೨. ಯಂತ್ರವು ಎಚ್ಚರಗೊಳ್ಳುವ ಬಗೆ

ಗಣಕಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಮೊದಲು ಕೆಲಸಕ್ಕೆ ತೊಡಗುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನಲ್ಲಿಯೇ ನೆಲೆಸಿರುವ ಫರ್ಮ್‌ವೇರ್ ಎಂಬ ಚಿಕ್ಕ ತಂತ್ರಾಂಶ. ಇದು ಯಂತ್ರದ ಅಂಗಾಂಗಗಳನ್ನು ಪರೀಕ್ಷಿಸಿ, ಯಾವ ಡಿಸ್ಕಿನಿಂದ ವ್ಯವಸ್ಥೆಯನ್ನು ಆರಂಭಿಸಬೇಕೆಂದು ನಿರ್ಧರಿಸಿ, ಅಲ್ಲಿರುವ ಬೂಟ್‌ಲೋಡರ್ ಎಂಬ ಕಾರ್ಯಕ್ರಮಕ್ಕೆ ಅಧಿಕಾರವನ್ನು ಒಪ್ಪಿಸುತ್ತದೆ. ಬೂಟ್‌ಲೋಡರು ಕಾರ್ಯಾಚರಣ ವ್ಯವಸ್ಥೆಯನ್ನು ಸ್ಮೃತಿಗೆ ಕರೆತರುತ್ತದೆ. ಹಲವು ವ್ಯವಸ್ಥೆಗಳ ಸ್ಥಾಪನೆಯಲ್ಲಿ ತಲೆದೋರುವ ತೊಂದರೆಗಳಲ್ಲಿ ಬಹುಪಾಲು ಈ ಹಸ್ತಾಂತರದ ತೊಂದರೆಗಳೇ ಆಗಿವೆ. ಕಡತಗಳ ನಾಶ ಅವುಗಳಲ್ಲಿ ವಿರಳ.

ಈ ಹಸ್ತಾಂತರಕ್ಕೆ ಎರಡು ಸಂಪ್ರದಾಯಗಳಿವೆ. ಮೊದಲನೆಯದು ಐಬಿಎಂ ಸಂಸ್ಥೆ ೧೯೮೧ರಲ್ಲಿ ಹೊರತಂದ ಪರ್ಸನಲ್ ಕಂಪ್ಯೂಟರಿನೊಡನೆ ಬಂದ ಬಯಾಸ್ ಸಂಪ್ರದಾಯ. ಅದೇ ಸಂಸ್ಥೆಯ ೧೯೮೩ರ ಎಕ್ಸ್‌ಟಿ ಯಂತ್ರಕ್ಕೆ ೧೦ ಮೆಗಾಬೈಟಿನ ಹಾರ್ಡ್ ಡಿಸ್ಕು ಬಂದಾಗ, ಡಿಸ್ಕನ್ನು ಪಾರ್ಟಿಷನುಗಳಾಗಿ ವಿಂಗಡಿಸುವ ಪದ್ಧತಿಯೂ ಬಂದಿತು. ಇದರಲ್ಲಿ ಡಿಸ್ಕಿನ ಮೊಟ್ಟಮೊದಲನೆಯ ಸೆಕ್ಟರಿಗೆ ಮಾಸ್ಟರ್ ಬೂಟ್ ರೆಕಾರ್ಡ್ ಅಥವಾ ಎಂಬಿಆರ್ ಎಂದು ಹೆಸರು. ಅದರ ವಿಸ್ತಾರ ೫೧೨ ಬೈಟುಗಳು ಮಾತ್ರ: ೪೪೬ ಬೈಟುಗಳಲ್ಲಿ ಆರಂಭದ ಕಾರ್ಯಕ್ರಮ, ೬೪ ಬೈಟುಗಳಲ್ಲಿ ನಾಲ್ಕು ಪಾರ್ಟಿಷನುಗಳ ವಿವರ, ಕೊನೆಯ ೨ ಬೈಟುಗಳಲ್ಲಿ ಮುದ್ರೆ. ಸೆಕ್ಟರುಗಳ ಎಣಿಕೆಗೆ ೩೨ ಬಿಟ್ಟುಗಳಷ್ಟೇ ಇರುವುದರಿಂದ, ೫೧೨ ಬೈಟಿನ ಸೆಕ್ಟರುಗಳುಳ್ಳ ಡಿಸ್ಕಿನಲ್ಲಿ ಸುಮಾರು ೨.೨ ಟೆರಾಬೈಟಿಗಿಂತ ಆಚೆಗಿನ ಸ್ಥಳವನ್ನು ಈ ಪದ್ಧತಿಯಲ್ಲಿ ಗುರುತಿಸಲಾಗದು.

ಎರಡನೆಯದು ಯುಇಎಫ್‌ಐ ಸಂಪ್ರದಾಯ. ಇಂಟೆಲ್ ಸಂಸ್ಥೆ ಆರಂಭಿಸಿದ ಈ ಪದ್ಧತಿಯ ಹೊಣೆಯನ್ನು ೨೦೦೫ರಿಂದ ಹಲವು ಸಂಸ್ಥೆಗಳ ಒಕ್ಕೂಟವೊಂದು ನಿರ್ವಹಿಸುತ್ತಿದೆ. ಇಲ್ಲಿ ಬೂಟ್‌ಲೋಡರು ಮೊದಲನೆಯ ಸೆಕ್ಟರಿನಲ್ಲಿ ಅಡಗಿ ಕೂರುವುದಿಲ್ಲ. ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂಬ ಪ್ರತ್ಯೇಕ ಭಾಗದಲ್ಲಿ ಸಾಮಾನ್ಯ ಕಡತದಂತೆ ಇರುತ್ತದೆ. ಒಂದೇ ಭಾಗದಲ್ಲಿ ಹಲವು ವ್ಯವಸ್ಥೆಗಳ ಬೂಟ್‌ಲೋಡರುಗಳು ಬೇರೆಬೇರೆ ಫೋಲ್ಡರುಗಳಲ್ಲಿ ಜೊತೆಯಾಗಿ ಇರಬಲ್ಲವು. ಪಾರ್ಟಿಷನುಗಳ ವಿವರಕ್ಕೆ ಎಂಬಿಆರ್ ಬದಲು ಜಿಪಿಟಿ ಎಂಬ ಕೋಷ್ಟಕವಿದ್ದು, ಅದರಲ್ಲಿ ಸಾಮಾನ್ಯವಾಗಿ ೧೨೮ ಪಾರ್ಟಿಷನುಗಳಿಗೆ ಅವಕಾಶವುಂಟು.

ಪಾರ್ಟಿಷನ್ ಕೋಷ್ಟಕದ ಸ್ವರೂಪ ಶಾಸನಾಭ್ಯಾಸಿಗಳಿಗೆ ಅಪರಿಚಿತವೇನೂ ಅಲ್ಲ. ದಾನಶಾಸನಗಳಲ್ಲಿ ದತ್ತಿಯ ಭೂಮಿಯ ಚತುಸ್ಸೀಮೆಯನ್ನು ಹೇಳುವ ಭಾಗವನ್ನು ನೆನೆಯಬಹುದು. ಮೂಡಲಿಗೆ ಹಳ್ಳ, ತೆಂಕಲಿಗೆ ನೆಟ್ಟ ಕಲ್ಲು ಎಂದು ಎಲ್ಲೆಗಳನ್ನು ಹೇಳುವಂತೆ, ಇಂತಿಂಥ ಸೆಕ್ಟರಿನಿಂದ ಇಂತಿಂಥ ಸೆಕ್ಟರಿನವರೆಗೆ ಇಂಥ ಬಗೆಯ ಪಾರ್ಟಿಷನ್ ಎಂದು ಕೋಷ್ಟಕ ಹೇಳುತ್ತದೆ. ಎಲ್ಲೆಕಲ್ಲು ಕಿತ್ತುಹೋದರೆ ಭೂಮಿ ಎಲ್ಲಿಗೂ ಹೋಗುವುದಿಲ್ಲ. ಅದು ಯಾರದೆಂಬ ಅರಿವು ಮಾತ್ರ ಹೋಗುತ್ತದೆ. ಕೋಷ್ಟಕ ಕೆಟ್ಟ ಡಿಸ್ಕಿನ ಸ್ಥಿತಿಯೂ ಅಂಥದೇ. ಎಂಬಿಆರ್ ಪದ್ಧತಿಯಲ್ಲಿ ಈ ಕೋಷ್ಟಕಕ್ಕೆ ಪ್ರತಿಯಿಲ್ಲ. ಜಿಪಿಟಿಯಲ್ಲಿ ಡಿಸ್ಕಿನ ಆದಿಯಲ್ಲಿ ಒಂದು, ಅಂತ್ಯದಲ್ಲಿ ಒಂದು ಹೀಗೆ ಎರಡು ಪ್ರತಿಗಳಿದ್ದು, ತಪ್ಪು ನುಸುಳಿದುದನ್ನು ಗುರುತಿಸುವ ಅಂಕವೂ ಇರುತ್ತದೆ.

೩. ನಮ್ಮ ಮುಂದಿದ್ದ ಯಂತ್ರ

ವಿವೇಚನೆ ನಿರಾಧಾರವಾಗಬಾರದೆಂದು ನಾವು ಕೆಲಸ ಮಾಡಿದ ಯಂತ್ರದ ವಿವರವನ್ನೇ ಇಲ್ಲಿ ಕೊಡುತ್ತೇವೆ. ಅದರ ಹಳೆಯ ಡಿಸ್ಕಿನಲ್ಲಿ ವಿಂಡೋಸ್ ೭ ಇದ್ದಿತು; ಎಂಬಿಆರ್ ಕೋಷ್ಟಕ, ಬಯಾಸ್ ಸಂಪ್ರದಾಯ. ಹಲವರು ಹಲವು ವರ್ಷ ಶ್ರಮಿಸಿ ಬೆರಳಚ್ಚು ಮಾಡಿದ ಶಾಸನಪಾಠಗಳು, ಹಳೆಯ ಫಾಂಟುಗಳು, ಹೊಸ ವ್ಯವಸ್ಥೆಗಳಿಗೆ ಒಗ್ಗದ ಸ್ಕ್ಯಾನರಿನ ತಂತ್ರಾಂಶ ಇವೆಲ್ಲವೂ ಅದರಲ್ಲಿದ್ದವು. ವಿಂಡೋಸ್ ೭ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ೨೦೨೦ರ ಜನವರಿ ೧೪ರಂದು ನಿಂತಿತು. ಅದನ್ನು ಅಂತರ್ಜಾಲಕ್ಕೆ ಜೋಡಿಸುವುದು ಕ್ಷೇಮವಲ್ಲ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವೂ ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿದೆ. ವಿಂಡೋಸ್ ೧೧ ಟಿಪಿಎಂ ೨.೦ ಎಂಬ ಭದ್ರತಾ ಅಂಗವನ್ನು ಅಪೇಕ್ಷಿಸುತ್ತದೆ. ನಮ್ಮ ಯಂತ್ರದಲ್ಲಿ ಅದು ಇರಲಿಲ್ಲ. ಹೀಗಿರುವಲ್ಲಿ ಹೊಸ ಡಿಸ್ಕಿನ ಮೇಲೆ ಲಿನಕ್ಸನ್ನು ಸ್ಥಾಪಿಸುವುದೇ ಯುಕ್ತವೆಂದು ತೋರಿತು. ನಿತ್ಯದ ಸಂಶೋಧನೆಗೆ ಡೆಬಿಯನ್, ವಿದ್ಯಾರ್ಥಿಗಳ ಅಭ್ಯಾಸಕ್ಕೆ ಲಿನಕ್ಸ್ ಮಿಂಟ್ ಎಂದು ಗೊತ್ತುಮಾಡಿಕೊಂಡೆವು. ಎರಡು ಡಿಸ್ಕು, ಮೂರು ವ್ಯವಸ್ಥೆ.

ಮೊದಲ ಯತ್ನದಲ್ಲಿ ನಾವು ತಪ್ಪಿದೆವು. ಆ ತಪ್ಪನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಎರಡು ಡಿಸ್ಕುಗಳನ್ನೂ ಜೋಡಿಸಿಟ್ಟುಕೊಂಡೇ ಸ್ಥಾಪನೆಯನ್ನು ನಡೆಸಿದೆವು. ವ್ಯವಸ್ಥೆಯ ಕಡತಗಳೆಲ್ಲ ಹೊಸ ಡಿಸ್ಕಿಗೇ ಹೋದವು. ಆದರೆ ಬೂಟ್‌ಲೋಡರನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ತೆರೆಯ ಮೇಲೆ ಮೊದಲೇ ತುಂಬಿದ್ದ ಉತ್ತರವನ್ನು ಓದದೆ ಒಪ್ಪಿಕೊಂಡೆವು. ಅದು ಹಳೆಯ ಡಿಸ್ಕಿನ ಮೊದಲನೆಯ ಸೆಕ್ಟರಾಗಿದ್ದಿತು. ಕೆಲವು ದಿನಗಳ ಮೇಲೆ ಬೇರೊಂದು ಕೆಲಸಕ್ಕಾಗಿ ಹೊಸ ಡಿಸ್ಕನ್ನು ಕಳಚಿದಾಗ, ಹಳೆಯ ಡಿಸ್ಕಿನಿಂದ ವಿಂಡೋಸ್ ಏಳಲೇ ಇಲ್ಲ. ಕಪ್ಪು ತೆರೆಯ ಮೇಲೆ ಗ್ರಬ್ ರೆಸ್ಕ್ಯೂ ಎಂಬ ಒಂದು ಸಾಲು ಮಾತ್ರ ನಿಂತಿತ್ತು.

ಅಷ್ಟೂ ಪಾಠಗಳು ಹೋದವೆಂದೇ ಆ ಗಳಿಗೆಯಲ್ಲಿ ಭಾವಿಸಿದೆವು. ಆಗ ಅವುಗಳಿಗೆ ಬೇರೆ ಪೂರ್ಣ ಪ್ರತಿ ಇರಲಿಲ್ಲ. ಕೆಲವು ಶಾಸನಗಳ ಕಲ್ಲುಗಳೇ ಈಗ ಸವೆದಿರುವುದರಿಂದ ಮರಳಿ ಓದುವುದೂ ಸುಲಭವಾಗಿರಲಿಲ್ಲ. ವಾಸ್ತವವಾಗಿ ನಡೆದಿದ್ದುದು ಇಷ್ಟೆ: ಹಳೆಯ ಡಿಸ್ಕಿನ ಮೊದಲ ಸೆಕ್ಟರಿನಲ್ಲಿದ್ದ ಗ್ರಬ್ ತನ್ನ ಉಳಿದ ಭಾಗವನ್ನು ಹೊಸ ಡಿಸ್ಕಿನಲ್ಲಿ ಹುಡುಕಿ, ಕಾಣದೆ ನಿಂತುಬಿಟ್ಟಿತ್ತು. ವಿಂಡೋಸ್ ೭ರ ಸ್ಥಾಪನಾ ಡಿವಿಡಿಯ ದುರಸ್ತಿ ಸೌಕರ್ಯದಿಂದ ಆ ಸೆಕ್ಟರಿನ ಕಾರ್ಯಕ್ರಮವನ್ನು ಮತ್ತೆ ಬರೆಸಿದೆವು. ಯಂತ್ರ ಎದ್ದಿತು, ಒಂದು ಕಡತವೂ ನಷ್ಟವಾಗಿರಲಿಲ್ಲ. ಮುಂದೆ ಹೇಳುವ ನಿಯಮಗಳೆಲ್ಲ ಈ ಅನುಭವದಿಂದ ಹುಟ್ಟಿದವು. ಅವುಗಳ ತಿರುಳನ್ನು ಒಂದೇ ಮಾತಿನಲ್ಲಿ ಹೇಳಬಹುದು: ಪ್ರತಿಯೊಂದು ಡಿಸ್ಕೂ ಇನ್ನೊಂದರ ನೆರವಿಲ್ಲದೆ ತಾನೇ ಏಳುವಂತಿರಬೇಕು.

೪. ಪೂರ್ವಸಿದ್ಧತೆ

ಮೊದಲನೆಯದಾಗಿ, ಪ್ರತಿ. ಹಳೆಯ ಡಿಸ್ಕಿನ ಕಡತಗಳನ್ನು ಹೊರಗಿನ ಬೇರೊಂದು ಡಿಸ್ಕಿಗೆ ನಕಲು ಮಾಡತಕ್ಕದ್ದು. ಸಾಧ್ಯವಿದ್ದರೆ ಡಿಸ್ಕನ್ನು ಸೆಕ್ಟರಿನಿಂದ ಸೆಕ್ಟರಿಗೆ ಪೂರ್ಣವಾಗಿ ನಕಲು ಮಾಡಿ ಬಿಂಬವನ್ನು ತೆಗೆದಿಡುವುದು ಮೇಲು. ಅದರಲ್ಲಿ ಫಾಂಟು, ತಂತ್ರಾಂಶ, ಬೂಟ್‌ಲೋಡರು ಎಲ್ಲವೂ ಅಡಕವಾಗುತ್ತವೆ. ಪ್ರತಿಯನ್ನು ಮಾಡಿದ ಮೇಲೆ ಹತ್ತಾರು ಕಡತಗಳನ್ನು ಅದರಿಂದಲೇ ತೆರೆದು ನೋಡಬೇಕು. ಪರೀಕ್ಷಿಸದ ಪ್ರತಿ ಪ್ರತಿಯೇ ಅಲ್ಲ.

ನಾವಿಂದು ಫೈಲಿಗೆ ಕಡತವೆಂದು ಹೇಳುತ್ತೇವೆ. ಹಿಂದಿನ ಕಡತ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಮಡಿಕೆ. ಬಳಪದಿಂದ ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಹಾರ್ಡ್ ಡಿಸ್ಕಿನ ಸ್ವಭಾವವೂ ಅದೇ. ಸ್ಥಾಪನಾ ಕಾರ್ಯಕ್ರಮ ‘ಡಿಸ್ಕನ್ನು ಅಳಿಸಲೇ’ ಎಂದು ಕೇಳುವಾಗ ಅದು ಕೇಳುತ್ತಿರುವುದು ಯಾವ ಕಡತವನ್ನು ಒರಸಲಿ ಎಂದು.

ಎರಡನೆಯದಾಗಿ, ಹಳೆಯ ವ್ಯವಸ್ಥೆ ಯಾವ ಸಂಪ್ರದಾಯದಲ್ಲಿ ಏಳುತ್ತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಎಂಬಿಆರ್ ಡಿಸ್ಕಿನಿಂದ ಏಳುವ ವಿಂಡೋಸ್ ಬಯಾಸ್ ಸಂಪ್ರದಾಯದ್ದು; ಜಿಪಿಟಿ ಡಿಸ್ಕಿನಿಂದ ಏಳುವ ವಿಂಡೋಸ್ ಯುಇಎಫ್‌ಐ ಸಂಪ್ರದಾಯದ್ದು. ಹೊಸ ವ್ಯವಸ್ಥೆಯನ್ನೂ ಅದೇ ಸಂಪ್ರದಾಯದಲ್ಲಿ ಸ್ಥಾಪಿಸುವುದು ಲೇಸು. ಯುಇಎಫ್‌ಐನಲ್ಲಿ ಎದ್ದ ಗ್ರಬ್, ಬಯಾಸ್ ಸಂಪ್ರದಾಯದ ವಿಂಡೋಸನ್ನು ತನ್ನ ಪಟ್ಟಿಯಿಂದ ಎಬ್ಬಿಸಲಾರದು. ಸಂಪ್ರದಾಯಗಳನ್ನು ಬೆರಸಿದವರು ಎರಡು ದೋಣಿಗಳಲ್ಲಿ ಕಾಲಿಟ್ಟಂತಾಗುತ್ತದೆ. ಪ್ರತಿಸಾರಿ ಫರ್ಮ್‌ವೇರಿನ ಪಟ್ಟಿಗೇ ಹೋಗಿ ಆರಿಸಬೇಕಾಗುತ್ತದೆ.

ಮೂರನೆಯದಾಗಿ, ಫರ್ಮ್‌ವೇರಿನಲ್ಲಿ ಡಿಸ್ಕುಗಳ ಸಂಪರ್ಕವನ್ನು ಕುರಿತು ಐಡಿಇ, ಎಎಚ್‌ಸಿಐ ಎಂಬ ಆಯ್ಕೆಗಳಿರುತ್ತವೆ. ಹಳೆಯ ವಿಂಡೋಸ್ ಯಾವುದರಲ್ಲಿ ಸ್ಥಾಪಿತವಾಗಿದೆಯೋ ಅದನ್ನು ಬದಲಿಸಕೂಡದು. ಬದಲಿಸಿದರೆ ವಿಂಡೋಸ್ ೭ ಎದ್ದೇಳುವಾಗಲೇ ನೀಲಿ ತೆರೆಯನ್ನು ತೋರಿ ನಿಲ್ಲುವ ಸಂಭವವುಂಟು.

ನಾಲ್ಕನೆಯದಾಗಿ, ಹೊಸ ಡಿಸ್ಕಿನ ಸ್ಥಳವನ್ನು ಮೊದಲೇ ಕಾಗದದ ಮೇಲೆ ಹಂಚಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ೧ ಟೆರಾಬೈಟ್ ಎಂದಿರುವ ಡಿಸ್ಕು ಯಂತ್ರದಲ್ಲಿ ೯೩೧ ಗಿಗಾಬೈಟ್ ಎಂದು ತೋರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ಯಂತ್ರ ೧,೦೨೪ರ ಲೆಕ್ಕದಲ್ಲಿಯೂ ಎಣಿಸುವುದೇ ಈ ವ್ಯತ್ಯಾಸಕ್ಕೆ ಕಾರಣ. ನಾವು ಡೆಬಿಯನ್‌ಗೆ ೧೦೦, ಮಿಂಟಿಗೆ ೬೦, ಎರಡಕ್ಕೂ ಸಮಾನವಾದ ಸ್ವಾಪ್ ಸ್ಥಳಕ್ಕೆ ೮ ಗಿಗಾಬೈಟುಗಳನ್ನು ಕೊಟ್ಟು, ಉಳಿದ ಸುಮಾರು ೭೬೦ ಗಿಗಾಬೈಟುಗಳನ್ನು ಮೂರು ವ್ಯವಸ್ಥೆಗಳೂ ಓದಬಲ್ಲ ಸಾಮಾನ್ಯ ಭಂಡಾರಕ್ಕೆ ಮೀಸಲಿಟ್ಟೆವು. ನಾಲ್ಕು ಪಾರ್ಟಿಷನುಗಳಾದ್ದರಿಂದ ಎಂಬಿಆರ್ ಪದ್ಧತಿಯ ಮಿತಿಯೊಳಗೇ ಇದು ಹೊಂದಿತು. ಭಂಡಾರಕ್ಕೆ ವಿಂಡೋಸಿನ ಎನ್‌ಟಿಎಫ್‌ಎಸ್ ರೂಪವನ್ನು ಕೊಟ್ಟೆವು. ವಿಂಡೋಸ್ ೭ ಲಿನಕ್ಸಿನ ರೂಪಗಳನ್ನು ತಾನಾಗಿ ಓದಲಾರದು, ಲಿನಕ್ಸಾದರೋ ಎನ್‌ಟಿಎಫ್‌ಎಸನ್ನು ಓದಬಲ್ಲದು, ಬರೆಯಬಲ್ಲದು.

೫. ಸ್ಥಾಪನೆಯ ಕ್ರಮ

ಯಂತ್ರವನ್ನು ಆರಿಸಿ, ವಿದ್ಯುತ್ ಸಂಪರ್ಕವನ್ನು ತೆಗೆದು, ಹಳೆಯ ಡಿಸ್ಕಿನ ಸಾಟಾ ತಂತಿಯನ್ನು ಕಳಚತಕ್ಕದ್ದು. ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಸ್ಥಾಪನಾ ಕಾರ್ಯಕ್ರಮದ ಕಣ್ಣಿಗೆ ಬೀಳದ ಡಿಸ್ಕಿನ ಮೇಲೆ ಅದು ಏನನ್ನೂ ಬರೆಯಲಾರದು. ನಮ್ಮ ಮೊದಲ ಯತ್ನದಲ್ಲಿ ಈ ಒಂದು ತಂತಿಯನ್ನು ಕಳಚಿದ್ದರೆ ಆ ಆತಂಕಕ್ಕೆ ಎಡೆಯೇ ಇರುತ್ತಿರಲಿಲ್ಲ.

ತರುವಾಯ ಹೊಸ ಡಿಸ್ಕೊಂದೇ ಇರುವ ಯಂತ್ರವನ್ನು ಲಿನಕ್ಸಿನ ಯುಎಸ್‌ಬಿಯಿಂದ ಎಬ್ಬಿಸಿ, ಮೊದಲು ಪಾರ್ಟಿಷನುಗಳನ್ನು ಗುರುತುಮಾಡಿಕೊಳ್ಳಬೇಕು. ಆಮೇಲೆ ಮಿಂಟನ್ನು, ಕೊನೆಗೆ ಡೆಬಿಯನನ್ನು ಸ್ಥಾಪಿಸಬೇಕು. ಈ ಅನುಕ್ರಮಕ್ಕೆ ಕಾರಣವಿದೆ. ಬಯಾಸ್ ಸಂಪ್ರದಾಯದಲ್ಲಿ ಒಂದು ಡಿಸ್ಕಿಗೆ ಮೊದಲ ಸೆಕ್ಟರು ಒಂದೇ. ಕೊನೆಗೆ ಬಂದವರದೇ ಅದರ ಒಡೆತನ. ಯಾವ ವ್ಯವಸ್ಥೆಯ ಪಟ್ಟಿ ಆಳಬೇಕೆಂದು ಬಯಸುತ್ತೇವೆಯೋ ಅದನ್ನು ಕೊನೆಗೆ ಸ್ಥಾಪಿಸಬೇಕು. ಒಂದೇ ಡಿಸ್ಕಿನಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಡುವವರು ವಿಂಡೋಸನ್ನು ಮೊದಲು ಸ್ಥಾಪಿಸಬೇಕೆಂಬ ರೂಢಿಯ ಮಾತಿಗೂ ಇದೇ ಆಧಾರ. ವಿಂಡೋಸಿನ ಸ್ಥಾಪನೆ ಮೊದಲ ಸೆಕ್ಟರನ್ನು ಯಾರನ್ನೂ ಕೇಳದೆ ತನ್ನದಾಗಿಸಿಕೊಳ್ಳುತ್ತದೆ.

ಎರಡು ಲಿನಕ್ಸುಗಳೂ ಏಳುವುದನ್ನು ಪರೀಕ್ಷಿಸಿದ ಮೇಲೆ ಯಂತ್ರವನ್ನು ಆರಿಸಿ, ಹಳೆಯ ಡಿಸ್ಕನ್ನು ಮತ್ತೆ ಜೋಡಿಸಬೇಕು. ಫರ್ಮ್‌ವೇರಿನಲ್ಲಿ ಹೊಸ ಡಿಸ್ಕಿಗೆ ಮೊದಲ ಸ್ಥಾನ ಕೊಡಬೇಕು. ಡೆಬಿಯನನ್ನು ಎಬ್ಬಿಸಿ ಗ್ರಬ್‌ನ ಪಟ್ಟಿಯನ್ನು ಹೊಸದಾಗಿ ರಚಿಸುವಂತೆ ಆಜ್ಞಾಪಿಸಿದರೆ, ಓಎಸ್-ಪ್ರೋಬರ್ ಎಂಬ ಸಹಾಯಕ ಕಾರ್ಯಕ್ರಮ ಎಲ್ಲ ಡಿಸ್ಕುಗಳನ್ನೂ ಶೋಧಿಸಿ ವಿಂಡೋಸ್ ೭ನ್ನೂ ಪಟ್ಟಿಗೆ ಸೇರಿಸುತ್ತದೆ. ೨೦೨೧ರಲ್ಲಿ ಹೊರಬಂದ ಗ್ರಬ್ ೨.೦೬ರಿಂದ ಈ ಶೋಧವನ್ನು ಮೊದಲೇ ನಿಷೇಧಿಸಿಡುವುದು ರೂಢಿಯಾಗಿರುವುದರಿಂದ, ವಿಂಡೋಸ್ ಪಟ್ಟಿಯಲ್ಲಿ ಕಾಣದಿದ್ದರೆ ಗ್ರಬ್‌ನ ಸಂಯೋಜನಾ ಕಡತದಲ್ಲಿ ಆ ನಿಷೇಧವನ್ನು ತೆಗೆಯಬೇಕು.

ಡಿಸ್ಕುಗಳನ್ನು ಲಿನಕ್ಸು ಎಸ್‌ಡಿಎ, ಎಸ್‌ಡಿಬಿ ಎಂದು ಕರೆಯುತ್ತದೆ. ಹಳೆಯ ಡಿಸ್ಕನ್ನು ಮರಳಿ ಜೋಡಿಸಿದಾಗ ನಿನ್ನೆಯ ಎಸ್‌ಡಿಎ ಇಂದು ಎಸ್‌ಡಿಬಿ ಆಗಬಹುದು. ಪ್ರತಿಯೊಂದು ಪಾರ್ಟಿಷನಿಗೂ ಯುಯುಐಡಿ ಎಂಬ ಸ್ಥಿರವಾದ ಗುರುತಿದ್ದು, ಇಂದಿನ ಲಿನಕ್ಸುಗಳು ಅದನ್ನೇ ಅವಲಂಬಿಸುವುದರಿಂದ ವ್ಯವಸ್ಥೆ ಏಳುವುದಕ್ಕೆ ಇದರಿಂದ ಬಾಧೆಯಿಲ್ಲ. ಆದರೆ ಮನುಷ್ಯರು ಮೋಸಹೋಗಬಹುದು. ಅಳಿಸುವ ಮುನ್ನ ಹೆಸರನ್ನಷ್ಟೇ ಅಲ್ಲದೆ ಡಿಸ್ಕಿನ ವಿಸ್ತಾರವನ್ನೂ ಮಾದರಿಯನ್ನೂ ನೋಡತಕ್ಕದ್ದು.

೬. ಹೊಸ ಯಂತ್ರಗಳಲ್ಲಿ

ಯುಇಎಫ್‌ಐ ಸಂಪ್ರದಾಯದ ಯಂತ್ರವುಳ್ಳವರಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ವಿವರಗಳು ಮಾತ್ರ ಬೇರೆ. ಪ್ರತಿ ಡಿಸ್ಕಿನಲ್ಲಿಯೂ ಅದರದೇ ಆದ ಇಎಫ್‌ಐ ಪಾರ್ಟಿಷನ್ ಇರಬೇಕು. ಒಂದು ಡಿಸ್ಕಿನಲ್ಲಿ ಅದು ಮೊದಲೇ ಇದ್ದರೆ, ಎರಡನೆಯ ಡಿಸ್ಕಿಗೆ ವ್ಯವಸ್ಥೆಯನ್ನು ಸ್ಥಾಪಿಸುವಾಗಲೂ ಬೂಟ್‌ಲೋಡರನ್ನು ಮೊದಲಿನದರಲ್ಲಿಯೇ ಇಟ್ಟುಬಿಡುವ ಪ್ರವೃತ್ತಿ ವಿಂಡೋಸಿಗೂ ಕೆಲವು ಲಿನಕ್ಸುಗಳಿಗೂ ಉಂಟು. ಆದ್ದರಿಂದ ಇಲ್ಲಿಯೂ ತಂತಿಯನ್ನು ಕಳಚುವುದೇ ಸುಲಭೋಪಾಯ. ತಂತಿಯಿಲ್ಲದೆ ಮದರ್‌ಬೋರ್ಡಿಗೇ ಕೂರುವ ಡಿಸ್ಕುಗಳನ್ನು ಫರ್ಮ್‌ವೇರಿನಲ್ಲಿ ನಿಷ್ಕ್ರಿಯಗೊಳಿಸುವ ಅವಕಾಶವಿದ್ದರೆ ಹಾಗೆ ಮಾಡಬಹುದು; ಇಲ್ಲದಿದ್ದರೆ ಡಿಸ್ಕನ್ನೇ ತೆಗೆದಿಡಬೇಕು.

ಇಂಥ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಗೂಢೀಕರಣ ಜಾರಿಯಲ್ಲಿರಬಹುದು. ಫರ್ಮ್‌ವೇರಿನ ಸಂಯೋಜನೆ ಬದಲಾದರೆ ವಿಂಡೋಸ್ ೪೮ ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುವ ಸಂಭವವಿದೆ. ಆ ಕೀಲಿ ಕೈಯಲ್ಲಿಲ್ಲದಿದ್ದರೆ ಕಡತಗಳು ಡಿಸ್ಕಿನಲ್ಲಿದ್ದೂ ಇಲ್ಲದಂತೆ. ಕೆಲಸಕ್ಕೆ ತೊಡಗುವ ಮೊದಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

೭. ತರುವಾಯ ತಲೆದೋರುವ ತೊಂದರೆಗಳು

ಸ್ಥಾಪನೆ ಮುಗಿದ ಮೇಲೆಯೂ ಕೆಲವು ವಿಚಿತ್ರಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಮೊದಲನೆಯದು ಗಡಿಯಾರ. ಲಿನಕ್ಸಿನಿಂದ ವಿಂಡೋಸಿಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಯಂತ್ರದ ಒಳಗಡಿಯಾರದಲ್ಲಿ ಲಿನಕ್ಸು ವಿಶ್ವಕಾಲವನ್ನು ಇಡುತ್ತದೆ. ವಿಂಡೋಸ್ ಅದನ್ನು ಸ್ಥಳೀಯ ಕಾಲವೆಂದು ಬಗೆಯುತ್ತದೆ. ಭಾರತೀಯ ಕಾಲಮಾನದ ಅಂತರವೇ ಆ ಐದೂವರೆ ಗಂಟೆ. ಲಿನಕ್ಸುಗಳೆರಡಕ್ಕೂ ಸ್ಥಳೀಯ ಕಾಲವನ್ನೇ ಇಡುವಂತೆ ಹೇಳಿದರೆ ತೊಂದರೆ ನೀಗುತ್ತದೆ. ಇದು ಕ್ಷುಲ್ಲಕವೆಂದು ತೋರಬಹುದು. ಆದರೆ ತಾಳೆ ನೋಡುವ ಕೆಲಸದಲ್ಲಿ ಎರಡು ಪ್ರತಿಗಳಲ್ಲಿ ಯಾವುದು ಈಚಿನದು ಎಂಬುದನ್ನು ಕಡತದ ಕಾಲಮುದ್ರೆಯಿಂದಲೇ ಅರಿಯುತ್ತೇವೆ. ಗಡಿಯಾರ ತಪ್ಪಿದರೆ ತಿದ್ದಿದ ಪಾಠದ ಮೇಲೆ ತಿದ್ದದ ಪಾಠ ಕೂರುವುದು ಅಸಾಧ್ಯವಲ್ಲ.

ಎರಡನೆಯದು, ವಿಂಡೋಸ್ ೮ ಮತ್ತು ಆಮೇಲಿನವುಗಳಲ್ಲಿರುವ ಫಾಸ್ಟ್ ಸ್ಟಾರ್ಟಪ್. ಆರಿಸಿದಂತೆ ಕಂಡರೂ ಆ ವ್ಯವಸ್ಥೆ ಪೂರ್ಣವಾಗಿ ಆರಿರುವುದಿಲ್ಲ, ಅರೆನಿದ್ರೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸಿನಿಂದ ಅದರ ಪಾರ್ಟಿಷನಿಗೆ ಬರೆದರೆ ಕಡತಗಳು ಕೆಡಬಹುದು. ಅದನ್ನು ನಿಲ್ಲಿಸಿಡುವುದು ಕ್ಷೇಮ. ವಿಂಡೋಸ್ ೭ರಲ್ಲಿ ಈ ಸೌಕರ್ಯವಿಲ್ಲ; ಆದರೆ ಅಲ್ಲಿಯೂ ಹೈಬರ್ನೇಟ್ ಸ್ಥಿತಿಯಲ್ಲಿರಿಸಿ ಲಿನಕ್ಸಿಗೆ ಹೋಗಕೂಡದು. ನಾವು ಹಳೆಯ ಡಿಸ್ಕನ್ನು ಲಿನಕ್ಸಿನಲ್ಲಿ ಓದುವುದಕ್ಕೆ ಮಾತ್ರ ತೆರೆಯುತ್ತೇವೆ. ಮೂಲಪ್ರತಿಯ ಮೇಲೆ ಪೆನ್ನನ್ನು ಆಡಿಸಬಾರದೆಂಬ ಹಸ್ತಪ್ರತಿ ಭಂಡಾರದ ನಿಯಮವೇ ಇಲ್ಲಿಗೂ ಸಲ್ಲುತ್ತದೆ.

ಮೂರನೆಯದು, ಒಂದೇ ಡಿಸ್ಕಿನ ಎರಡು ಲಿನಕ್ಸುಗಳ ಪೈಪೋಟಿ. ಮಿಂಟಿನಲ್ಲಿ ಹೊಸ ಕರ್ನಲ್ ಬಂದರೆ ಡೆಬಿಯನ್‌ನ ಪಟ್ಟಿಗೆ ಅದು ತಾನಾಗಿ ತಿಳಿಯುವುದಿಲ್ಲ. ಡೆಬಿಯನ್‌ಗೆ ಹೋಗಿ ಪಟ್ಟಿಯನ್ನು ಮತ್ತೆ ರಚಿಸಬೇಕು. ಮಿಂಟಿನಲ್ಲಿ ಗ್ರಬ್ಬೇ ನವೀಕೃತವಾದರೆ ಅದು ಮೊದಲ ಸೆಕ್ಟರನ್ನು ಮತ್ತೆ ತನ್ನದಾಗಿಸಿಕೊಳ್ಳಲೂಬಹುದು. ಇದರಿಂದ ಕಿರುಕುಳವಾದೀತೇ ಹೊರತು ಅಪಾಯವಿಲ್ಲ. ಏಕೆಂದರೆ ಹಳೆಯ ಡಿಸ್ಕು ಈ ಪೈಪೋಟಿಯಿಂದ ದೂರವಿದೆ.

೮. ಉಪಸಂಹಾರ

ಹಳೆಯ ವ್ಯವಸ್ಥೆಯನ್ನು ಹೊಸದರೊಳಗೆ ಒಂದು ವರ್ಚುವಲ್ ಯಂತ್ರವಾಗಿ ನಡೆಸಬಾರದೇಕೆ ಎಂಬ ಪ್ರಶ್ನೆ ಸಹಜವಾದದ್ದು. ಸ್ಮೃತಿ ಧಾರಾಳವಾಗಿರುವ ಯಂತ್ರದಲ್ಲಿ ಅದೇ ಹೆಚ್ಚು ಅನುಕೂಲ. ಎರಡು ಪಾಠಗಳನ್ನೂ ಒಂದೇ ತೆರೆಯ ಮೇಲೆ ಅಕ್ಕಪಕ್ಕದಲ್ಲಿ ನೋಡಬಹುದು. ನಮ್ಮ ಯಂತ್ರದ ಸ್ಮೃತಿ ಅದಕ್ಕೆ ಸಾಲದು; ಹಳೆಯ ಸ್ಕ್ಯಾನರಿನಂಥ ಉಪಕರಣಗಳೂ ವರ್ಚುವಲ್ ಯಂತ್ರದೊಳಗೆ ಯಾವಾಗಲೂ ಸರಿಯಾಗಿ ನಡೆಯುವುದಿಲ್ಲ. ಆದರೂ ಡಿಸ್ಕಿನ ಪೂರ್ಣಬಿಂಬವನ್ನು ತೆಗೆದಿಟ್ಟವರಿಗೆ ಈ ದಾರಿ ಮುಂದೆಯೂ ತೆರೆದಿರುತ್ತದೆ.

ಈಗ ನಾವು ಹಳೆಯ ಪಾಠವನ್ನು ವಿಂಡೋಸಿನಲ್ಲಿ ತೆರೆದು ಕಾಗದದ ಮೇಲೆ ಅಚ್ಚು ತೆಗೆಯುತ್ತೇವೆ; ಯಂತ್ರವನ್ನು ಮತ್ತೆ ಎಬ್ಬಿಸಿ, ಡೆಬಿಯನ್‌ನಲ್ಲಿ ಪರಿವರ್ತಿತ ಪಾಠವನ್ನು ಆ ಅಚ್ಚಿನೊಡನೆ ತಾಳೆ ನೋಡುತ್ತೇವೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ. ಕೆಲಸ ನಿಧಾನ, ಆದರೆ ತಿದ್ದಿದ ಪ್ರತಿಯೊಂದು ಶಾಸನವೂ ಮುಂದೆ ಯಾವ ಯಂತ್ರದಲ್ಲಿಯೂ ಓದಲು ಸಿಗುತ್ತದೆ.

ಮೇಲಿನ ವಿವೇಚನೆಯಿಂದ ಒಂದು ವಿಷಯ ವಿಶದವಾಗುತ್ತದೆ. ಎರಡು ಡಿಸ್ಕುಗಳಲ್ಲಿ ಹಲವು ವ್ಯವಸ್ಥೆಗಳನ್ನು ಇಡುವುದು ಗುರಿಯಲ್ಲ, ಅದೊಂದು ಸೇತುವೆ. ಹಳೆಯ ಹಾರ್ಡ್ ಡಿಸ್ಕು ತಿರುಗುವ ಯಂತ್ರ. ಒಂದು ದಿನ ಅದು ನಿಂತೇ ನಿಲ್ಲುತ್ತದೆ. ಆ ದಿನ ಬರುವುದರೊಳಗೆ ಸೇತುವೆಯನ್ನು ದಾಟಿ ಮುಗಿಸಬೇಕು. ನಮ್ಮ ಕಾಲೇಜುಗಳ ಎಷ್ಟೋ ಬೀರುಗಳಲ್ಲಿ ಇಂಥ ಡಿಸ್ಕುಗಳು ಮಲಗಿರಬಹುದು. ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮಲ್ಲಿರುವುದನ್ನು ಈ ವರ್ಷವೇ ಹೊರತೆಗೆದು, ಮೊದಲು ಪ್ರತಿಮಾಡಿ, ಆಮೇಲೆ ತೆರೆದು ನೋಡಬೇಕೆಂಬುದು ನಮ್ಮ ವಿಜ್ಞಾಪನೆ.